ಅಮ್ಮನ ವಿಡಿಯೊ ಮತ್ತು ನನ್ನ ಪ್ಲಗ್-ಇನ್‌ಗಳು

ನನಗೆ ಕಂಪ್ಯೂಟರ್ ಗೊತ್ತಿದೆ ಎಂದು ನಾನಾಗಿ ಯಾರಿಗೂ ಹೇಳಿದವನಲ್ಲ. ತಿಪಟೂರಿನ ಕಾಲೇಜಿನಲ್ಲಿ ನಾನು ಪಾಠ ಮಾಡುವುದು ಇತಿಹಾಸ. ಆದರೆ ಅಲ್ಲಿನ ಕಂಪ್ಯೂಟರ್ ಲ್ಯಾಬಿನ ಬೀಗದ ಕೈ ಯಾವುದೋ ಕಾರಣಕ್ಕೆ ನನ್ನ ಜೇಬಿನಲ್ಲಿರುತ್ತದೆ. ಕಿಬ್ಬನಹಳ್ಳಿ ಕಡೆಯ ನಮ್ಮೂರಿಗೆ ಅಷ್ಟೇ ಸಾಕು. ಯಾರ ಫೋನು ಮುನಿಸಿಕೊಂಡರೂ ನಮ್ಮ ಜಗಲಿಗೆ ಬರುತ್ತದೆ. ನಾನು ಗಂಭೀರವಾಗಿ ಅದನ್ನು ಆರಿಸಿ, ಗಂಟಲು ಸರಿಮಾಡಿಕೊಂಡು, ಮತ್ತೆ ಆನ್ ಮಾಡುತ್ತೇನೆ. ಹೆಚ್ಚಿನವು ಸರಿಹೋಗುತ್ತವೆ. ಹೋಗದಿದ್ದವಕ್ಕೆ ವೈರಸ್ ಬಂದಿದೆ ಎನ್ನುತ್ತೇನೆ. ಅಮ್ಮ ವೆಬ್‌ಸೈಟಿನಲ್ಲಿ ಬರುವವರೆಗೂ ಈ ವೈದ್ಯಕೀಯ ಸುಖವಾಗಿಯೇ ನಡೆದಿತ್ತು.

ಹಳ್ಳಿಯ ಅಡುಗೆ, ಬೇಸಾಯ ಎಂದೆಲ್ಲ ವೆಬ್‌ಸೈಟ್ ನಡೆಸುವ ಹುಡುಗಿಯೊಬ್ಬಳು ಉಂಡೆ ಕೊಬ್ಬರಿಯ ಬಗ್ಗೆ ವಿಡಿಯೊ ಮಾಡಲು ಬಂದು, ಅಮ್ಮನನ್ನು ಅಟ್ಟದಲ್ಲಿ ಕೂರಿಸಿ ಮಾತಾಡಿಸಿಕೊಂಡು ಹೋಗಿದ್ದಳು. ನಮ್ಮ ಕಡೆ ಇಡೀ ಕಾಯಿಯನ್ನು ಅಟ್ಟಕ್ಕೆ ಹಾಕಿ, ಹೆಚ್ಚುಕಡಿಮೆ ಒಂದು ವರ್ಷ ಅದರ ತಂಟೆಗೆ ಹೋಗುವುದಿಲ್ಲ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಆಮೇಲೆಯೇ ಒಡೆಯುವುದು. ಈ ಗಡಗಡದ ವಿಷಯದಲ್ಲಿ ಅಮ್ಮನ ಕಿವಿಗೆ ಊರಿನಲ್ಲಿ ಭಾರಿ ಮರ್ಯಾದೆ. ವಿಡಿಯೊ ತೆಗೆದ ಹೊತ್ತು ನಾನು ಕಾಲೇಜಿನಲ್ಲಿದ್ದೆ. ಏನು ಹೇಳಿದೆಯಮ್ಮಾ ಎಂದು ಆಮೇಲೆ ಕೇಳಿದರೆ, ನೋಡೀವಂತೆ ಬುಡು ಎಂದಳು.

ಒಂದು ಭಾನುವಾರ ವಿಡಿಯೊದ ಲಿಂಕ್ ಬಂತು. ಫೋನಿನಲ್ಲಿ ತನ್ನ ಮುಖ ಹೆಸರುಕಾಳಿನಷ್ಟು ಕಾಣುತ್ತದೆಂದು ಅಮ್ಮ ತಕರಾರು ತೆಗೆದಳು. ಲ್ಯಾಪ್‌ಟಾಪನ್ನು ಟಿವಿಗೆ ಸಿಕ್ಕಿಸಿದೆ. ಅಮ್ಮ ಮದುವೆ ಮನೆಗೆ ಉಡುವ ರೇಷ್ಮೆ ಸೀರೆ ಉಟ್ಟು, ಪಕ್ಕದ ಮನೆಯ ಪುಟ್ಟತಾಯಮ್ಮನನ್ನು ತಾನೇ ಹೋಗಿ ಕರೆತಂದಳು. ಈ ಪುಟ್ಟತಾಯಮ್ಮ ಹಿಂದೊಮ್ಮೆ ಟಿವಿ ವಾರ್ತೆಯ ಗುಂಪಿನಲ್ಲಿ ಅರ್ಧ ಮುಖ ಕಾಣಿಸಿಕೊಂಡು, ಅದನ್ನು ಮರೆಯಲು ನಮಗೆ ಇವತ್ತಿಗೂ ಬಿಟ್ಟಿಲ್ಲ. ಅಮ್ಮನ ಪೂರ್ತಿ ಮುಖವನ್ನು ಆಕೆಗೆ ತೋರಿಸಿ ಮಾನ ಉಳಿಸುವ ಹೊಣೆ ನನ್ನ ತಲೆಗೆ ಬಿತ್ತು.

ಪುಟ ತೆರೆಯಿತು. ಅಮ್ಮ ಇರಬೇಕಾದ ಜಾಗದಲ್ಲಿ ಬೂದು ಬಣ್ಣದ ಚೌಕ, ಅದರೊಳಗೆ ಸುತ್ತುವ ಚಕ್ರ. ಇದೇನಾ ನಿಮ್ಮ ವಿಡಿಯೊ ಎಂದು ಪುಟ್ಟತಾಯಮ್ಮ ಬಹಳ ವಿನಯದಿಂದ ಕೇಳಿದರು. ರಿಫ್ರೆಶ್ ಮಾಡಿದೆ. ಆರಿಸಿ ಆನ್ ಮಾಡಿದೆ. ಗಂಟಲನ್ನೂ ಸರಿಮಾಡಿಕೊಂಡೆ. ಇನ್ನೊಂದು ಬ್ರೌಸರ್ ಇಳಿಸಿಕೊಂಡರೆ, ಹಳೆಯದರಲ್ಲಿದ್ದದ್ದನ್ನೆಲ್ಲ ತನಗೂ ತುಂಬಿಕೊಳ್ಳಲೇ ಎಂದು ಕೇಳಿತು. ಕಣ್ಣುಮುಚ್ಚಿ ಹೂಂ ಎಂದೆ. ಅಲ್ಲೂ ಅದೇ ಚಕ್ರ. ಹಳೆಯದಕ್ಕೇ ಮರಳಿ, ಎಲ್ಲೋ ಕೇಳಿದ್ದ ಧೈರ್ಯದ ಮೇಲೆ ಅದರ ನೆನಪನ್ನೆಲ್ಲ ಅಳಿಸಿಹಾಕಿದೆ. ಚಕ್ರ ಉಳಿಯಿತು, ನನ್ನ ಹೆಂಡತಿ ಸುಧಾಳ ಪಾಸ್‌ವರ್ಡುಗಳೆಲ್ಲ ಹೋದವು. ಅವಳು ನನ್ನನ್ನೊಮ್ಮೆ ನೋಡಿ ಅಡುಗೆಮನೆಗೆ ಎದ್ದು ಹೋದಳು.

ಅಷ್ಟರಲ್ಲಿ ಅಮ್ಮ ಎದ್ದು ಬಂದು ಮೌಸನ್ನು ಕಿತ್ತುಕೊಂಡಳು.

"ಸುಮ್ನೆ ಕುಟ್ಬೇಡ ಕಣ್ಲಾ. ಅಟ್ಟದ ಕಾಯೀನ ದಿನಾ ಮುಟ್ಟಿ ನೋಡಿದ್ರೆ ಕೊಬ್ರಿ ಆದದಾ? ಅದರ ಪಾಡಿಗೆ ಬುಡು."

ಮೌಸು ಅಮ್ಮನ ಮಡಿಲು ಸೇರಿತು. ನಾವೆಲ್ಲ ಕೈಕಟ್ಟಿಕೊಂಡು ಚಕ್ರದ ಮುಂದೆ ಕೂತೆವು. ಸುಧಾ ಕಾಫಿ ತಂದಳು. ಪುಟ್ಟತಾಯಮ್ಮ ಲೋಟ ಕೆಳಗಿಟ್ಟು, ಮೊದಲಿಗಿಂತ ನಿಧಾನ ಸುತ್ತುತ್ತಿದೆ, ಹದಕ್ಕೆ ಬಂದಿರಬೇಕು ಎಂದರು. ನನಗೂ ಹಾಗೇ ಕಂಡಿತು.

ಮಾಡಲು ಬೇರೆ ಕೆಲಸವಿಲ್ಲದೆ ಪರದೆಯನ್ನೇ ದಿಟ್ಟಿಸುತ್ತಿದ್ದಾಗ ಬ್ರೌಸರಿನ ಮೂಲೆಯ ಸಣ್ಣ ಚಿತ್ರಗಳ ಸಾಲು ಕಣ್ಣಿಗೆ ಬಿತ್ತು. ಎಲ್ಲ ನಾನೇ ಸಾಕಿದ ಪ್ಲಗ್-ಇನ್‌ಗಳು. ಜಾಹೀರಾತು ತಡೆಯಲೊಂದು, ಅದರ ಕಣ್ಣು ತಪ್ಪಿಸಿ ಬಂದ ಜಾಹೀರಾತನ್ನು ತಡೆಯಲು ಮತ್ತೊಂದು, ಇಷ್ಟನ್ನೂ ಹೊತ್ತು ಬ್ರೌಸರ್ ನಿಧಾನವಾಯಿತೆಂದು ವೇಗ ಹೆಚ್ಚಿಸಲು ಇನ್ನೊಂದು. ಹೊಸ ಬ್ರೌಸರಿಗೆ ನಾನು ತುಂಬಿ ಕೊಟ್ಟದ್ದೂ ಇವುಗಳನ್ನೇ. ಎಲ್ಲ ಸೇರಿಕೊಂಡು ನಮ್ಮಮ್ಮನನ್ನೂ ಜಾಹೀರಾತು ಎಂದುಕೊಂಡಿದ್ದವು. ಗೋಗರೆದು ಮೌಸು ವಾಪಸು ಪಡೆದು ಒಂದೊಂದಾಗಿ ಕಿತ್ತೆಸೆದೆ. ಕೊನೆಯದು ಹೋಗಿ ಪುಟ ಮತ್ತೆ ತೆರೆದದ್ದೇ, ಟಿವಿಯ ತುಂಬ ಅಮ್ಮ. ಸುಧಾ ಚಪ್ಪಾಳೆ ತಟ್ಟಿದಳು. ಪುಟ್ಟತಾಯಮ್ಮ ಕನ್ನಡಕ ಒರೆಸಿಕೊಂಡು ಹಾಕಿಕೊಂಡರು. ನಾನು ಖುಷಿಗೆ ಕುಣಿಯುವುದೊಂದು ಬಾಕಿ.

ವಿಡಿಯೊದಲ್ಲಿ ಆ ಹುಡುಗಿ, ಕಾಯಿಯ ಈ ಗಡಗಡ ಸದ್ದು ಮನೆಯವರಿಗೆಲ್ಲ ಗೊತ್ತಾಗುತ್ತದೆಯೇ ಎಂದು ಕೇಳಿದಳು. ಅಮ್ಮ ನೇರ ನಮ್ಮ ಕಡೆ ನೋಡಿ ನಕ್ಕಳು.

"ಎಲ್ರಿಗೂ ಎಲ್ ಬತ್ತದಮ್ಮ. ನನ್ ಮಗ ಕಾಲೇಜಲ್ಲಿ ಪಾಠ ಹೇಳ್ತಾನೆ. ಕಾಯಿ ಅಲ್ಲಾಡಿಸ್ತಾನೆ, ಆಗೈತೆ ಅಂತಾನೆ, ಒಡೆದ್ರೆ ಮೈಮೇಲೆಲ್ಲ ನೀರು. ಅವನನ್ನ ಅಟ್ಟ ಹತ್ತಿಸೋದೇ ಬಿಟ್ಟಿದ್ದೀನಿ."

ಪುಟ್ಟತಾಯಮ್ಮ ಇನ್ನೊಂದು ಸಲ ಹಾಕಪ್ಪ ಎಂದರು. ಎಷ್ಟು ಸಲ ಹಾಕಿದರೂ ಎಲ್ಲೂ ನಿಲ್ಲದೆ ಓಡಿತು. ಕಿತ್ತೆಸೆದ ಪ್ಲಗ್-ಇನ್‌ಗಳನ್ನು ಮತ್ತೆ ಸೇರಿಸಿಬಿಡೋಣವೆಂದು ಅವುಗಳ ಹೆಸರು ನೆನಪಿಸಿಕೊಳ್ಳಲು ಎಷ್ಟೋ ಹೆಣಗಿದೆ, ಒಂದೂ ಹೊಳೆಯಲಿಲ್ಲ. ಅಷ್ಟರಲ್ಲಿ ಸುಧಾ ಲಿಂಕನ್ನು ದಬ್ಬೇಘಟ್ಟದ ತವರಿಗೆ ಕಳಿಸಿಯಾಗಿತ್ತು. ಪಾಸ್‌ವರ್ಡುಗಳ ಲೆಕ್ಕ ಚುಕ್ತಾ ಆಯಿತೆಂದು ಅವಳ ಮುಖ ಹೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಮಾವನವರ ಫೋನು ಬಂತು.

"ಬಾಳ ಚೆನ್ನಾಗಿ ಬಂದೈತೆ ಕಣ್ರೀ ಅಳಿಯಂದ್ರೆ, ಒಂದೇ ಸಲಕ್ಕೆ ತೆರ್ಕಂತು. ಬರೋ ವಾರ ನಮ್ಮನೇಲೂ ಅಟ್ಟದಿಂದ ಕಾಯಿ ಇಳಿಸ್ತೀವಿ, ಎಲ್ರೂ ಬನ್ನಿ. ನೀವು ಮಾತ್ರ ಕೆಳಗೇ ಕುಂತಿರಿ, ಕಾಫಿ ಅಲ್ಲಿಗೇ ಕಳಿಸ್ತೀನಿ."