ತಿಮಿಂಗಿಲವೂ ನಮ್ಮ ಬೀಗತನವೂ

ಮದುವೆಯಾದರೆ ಹೊಸ ನೆಂಟರು ಸಿಗುತ್ತಾರೆ ಎಂದು ಲೋಕದಲ್ಲಿ ಒಂದು ನಂಬಿಕೆಯಿದೆ. ನಮ್ಮ ಮನೆತನದಲ್ಲಿ ಹಾಗಾಗುವುದಿಲ್ಲ. ನಮ್ಮಲ್ಲಿ ಮದುವೆಯಾದರೆ ಇದ್ದ ನೆಂಟರೇ ಇನ್ನೊಂದು ಹೆಸರು ಪಡೆದು ಮತ್ತೆ ಅದೇ ಪಂಕ್ತಿಗೆ ಬಂದು ಕೂರುತ್ತಾರೆ. ನಾನು ಕಟ್ಟಿಕೊಂಡದ್ದು ನನ್ನ ಸ್ವಂತ ಅಕ್ಕನ ಮಗಳನ್ನು. ಹೀಗಾಗಿ ನೀಲವ್ವ ನನಗೆ ಹುಟ್ಟಿನಿಂದ ಅಕ್ಕ, ತಾಳಿ ಕಟ್ಟಿದ ದಿನದಿಂದ ಅತ್ತೆ. ನನ್ನ ಮಗಳಿಗೆ ಅವಳು ಸೋದರತ್ತೆಯೂ ಹೌದು, ಅಜ್ಜಿಯೂ ಹೌದು. ಹೆಂಡತಿ ಶಾಂತಾ ಸಿಟ್ಟು ಮಾಡಿಕೊಂಡು ತವರಿಗೆ ಹೊರಟರೆ ನಾನೂ ಅವಳ ಚೀಲದಲ್ಲೇ ನನ್ನದೊಂದು ಅಂಗಿ ತುರುಕಿ ಹಿಂದಿನಿಂದ ಹೊರಡುತ್ತಿದ್ದೆ. ಅದು ನಾನು ಬೆಳೆದ ಮನೆಯೂ ಹೌದಲ್ಲ! ಅಲ್ಲಿ ಹೋದ ಮೇಲೆ ಯಾರು ಯಾರ ಪರ ವಹಿಸಬೇಕು ಎಂಬುದು ಯಾರಿಗೂ ತಿಳಿಯದೆ ಜಗಳ ತಾನಾಗಿಯೇ ಮುಗಿಯುತ್ತಿತ್ತು.

ಅಕ್ಕನ ಮಗಳೆಂದರೆ ತಮ್ಮನ ಹಕ್ಕು ಎಂಬುದು ನಮ್ಮ ಕಡೆಯ ರೂಢಿ. ಹೊರಗೆ ಹೆಣ್ಣು ಕೇಳಲು ಹೋದರೆ ಮನೆಯೊಳಗೆ ಏನೋ ಕೆಟ್ಟಿದೆ ಎಂದು ಊರು ತಿಳಿಯುತ್ತದೆ. ನನಗಂತೂ ಬೇರೆ ಯೋಚನೆಯೇ ಇರಲಿಲ್ಲ. ತಾಯಿ ತೀರಿಕೊಂಡಾಗ ನಾನು ಚಿಕ್ಕವ. ಇಲಕಲ್ಲಿನ ನೇಕಾರರ ಮನೆ ಸೇರಿದ್ದ ನೀಲವ್ವ ನನ್ನನ್ನು ಕರೆದುಕೊಂಡು ಹೋಗಿ ತನ್ನ ಮಕ್ಕಳ ಜೊತೆಗೇ ಬೆಳೆಸಿದಳು. ಮಗ್ಗದ ಕುಣಿಯ ಪಕ್ಕದಲ್ಲಿ ಕೂತೇ ನಾನು ಅಕ್ಷರ ತಿದ್ದಿದ್ದು. ಓದು ಮುಗಿಸಿ ಮಾಸ್ತರನಾದ ದಿನ ಅವಳು "ಶಾಂತಾನ್ನ ನಿನಗ ಕೊಡ್ತೇನಿ" ಎಂದಳು. ನಾನು "ಹೂಂ" ಎಂದೆ. ಇಂದಿಗೂ ಅಕ್ಕನೊಡನೆ ನನ್ನ ಸಂಭಾಷಣೆ ಆ ಹೂಂಕಾರವನ್ನು ದಾಟಿ ಹೆಚ್ಚು ಮುಂದೆ ಹೋಗಿಲ್ಲ. ತರಗತಿಯಲ್ಲಿ ನನ್ನ ಧ್ವನಿ ಕಮತಗಿಯ ಬಸ್‌ ಸ್ಟ್ಯಾಂಡಿನವರೆಗೆ ಕೇಳುತ್ತದೆಂದು ಖ್ಯಾತಿ. ಇನ್‌ಸ್ಪೆಕ್ಟರು ಬಂದರೂ ನಾನು ಅಂಜಿದವನಲ್ಲ. ಆದರೆ ನೀಲವ್ವನ ಎದುರಿಗೆ 'ಬೇಡ' ಎನ್ನಬೇಕಾಗಿ ಬಂದರೆ ನನ್ನ ನಾಲಿಗೆ ರಜೆ ಚೀಟಿ ಬರೆದುಕೊಡುತ್ತದೆ.

ಎಂಬತ್ತರ ದಶಕದ ಒಂದು ಮಳೆಗಾಲದಲ್ಲಿ ಆ ಪ್ರಸಂಗ ಬಂದೇಬಿಟ್ಟಿತು. ನಾನು ಕಮತಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮಗಳು ಸುಮಾ ಬಾಗಲಕೋಟೆಯ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಳು. ಅಕ್ಕ ಯಾರ ಕೈಯಿಂದಲೋ ಬರೆಸಿದ ಕಾರ್ಡು ಬಂತು. "ನಮ್ಮ ಮಹಾಂತೇಶಗ ಸುಮಾನ್ನ ತಂದುಕೊಳ್ಳೋದಂತ ಮಾಡೇನಿ. ಶ್ರಾವಣ ಮುಗಿಯೂದರಾಗ ಬಂದು ಮಾತು ಮುಗಿಸಿ ಹೋಗು." ಮಹಾಂತೇಶ ಅಕ್ಕನ ಕಿರಿಯ ಮಗ, ಎಂದರೆ ನನ್ನ ಹೆಂಡತಿಯ ತಮ್ಮ, ಎಂದರೆ ಸುಮಾಳ ಸೋದರಮಾವ. ನಾನು ಮಾಡಿಕೊಂಡಂಥ ಮದುವೆಯೇ ಮತ್ತೊಮ್ಮೆ. ಹುಡುಗ ಬಂಗಾರದಂಥವನು, ಕೈಯಲ್ಲಿ ಕಸುಬಿತ್ತು, ದೂರು ಹೇಳಲು ಒಂದು ಬೀಡಿಯನ್ನೂ ಸೇದಿದವನಲ್ಲ. ಆದರೆ ಸುಮಾ ಕಾರ್ಡು ಓದಿ ಅತ್ತುಬಿಟ್ಟಳು.

"ಅಪ್ಪಾ, ಮಾಮಾ ನನ್ನ ಹೆಗಲ ಮ್ಯಾಲ ಹೊತ್ಕೊಂಡು ಅಡ್ಡಾಡ್ಯಾನ. ಅಂವನ್ನ ಹ್ಯಾಂಗ ಮದುವಿ ಆಗ್ಲಿ? ಮತ್ತ ನಾ ಇನ್ನೂ ಓದಬೇಕು" ಎಂದಳು.

"ನಾ ಇದ್ದೇನಲ್ಲ" ಎಂದೆ. ಏನು ಮಾಡಬೇಕೆಂದು ತೋಚದ ತಂದೆಯರೆಲ್ಲ ಹೇಳುವ ಮಾತು ಅದು.

ಆ ಸಮಯಕ್ಕೆ ನನ್ನ ಸಹಾಯಕ್ಕೆ ಬಂದದ್ದು ಉತ್ತರ ಧ್ರುವದ ತಿಮಿಂಗಿಲ. ಹುನಗುಂದದಲ್ಲಿ ತಾಲೂಕಿನ ಶಾಲೆಗಳ ವಿಜ್ಞಾನ ಪ್ರದರ್ಶನವಿತ್ತು. ಉಳಿದ ಶಾಲೆಯವರೆಲ್ಲ ವರ್ಷವೂ ಮಾಡುವಂತೆ ಮಣ್ಣಿನ ಜ್ವಾಲಾಮುಖಿ ಮಾಡಿ ಹೊಗೆ ಎಬ್ಬಿಸಿದರು. ನಾನು ಮಾತ್ರ ಶಾಲೆಗೆ ಬರುತ್ತಿದ್ದ ವಿಜ್ಞಾನ ಪತ್ರಿಕೆಯೊಂದನ್ನು ಓದಿ ತಿಮಿಂಗಿಲದ ದೊಡ್ಡ ಪಟ ಬರೆಸಿದೆ. ಸಮುದ್ರವನ್ನೇ ಕಾಣದ ತಾಲೂಕಿನಲ್ಲಿ ಇದೊಂದು ಸಾಹಸ. ನೋಡಬಂದವರು ಕೇಳಿದ್ದು ಎರಡೇ ಪ್ರಶ್ನೆ: ಎಷ್ಟು ಉದ್ದ, ತಿನ್ನಲು ಬರುತ್ತದೆಯೇ? ಒಂದೂವರೆ ಸರ್ಕಾರಿ ಬಸ್ಸಿನಷ್ಟು ಉದ್ದ ಎಂದಾಗ ಕಂಡಕ್ಟರನೊಬ್ಬ ಗೌರವದಿಂದ ಟೋಪಿ ತೆಗೆದ.

ವಿಷಯ ಕಷ್ಟದ್ದೇನಲ್ಲ. ಹಿಮ ಬೆಳೆದರೆ ತಿಮಿಂಗಿಲಗಳ ಹಿಂಡುಗಳು ಬೇರೆಬೇರೆಯಾಗುತ್ತವೆ, ಕರಗಿದರೆ ದಾರಿ ತೆರೆದು ಕೂಡುತ್ತವೆ. ಅಲ್ಲಿಯವರೆಗೆ ಅದು ನಿಸರ್ಗದ ಕಾರಭಾರ. ಆಮೇಲೆ ಹಡಗುಗಳು ಬಂದವು. ಮೈತುಂಬ ಕೊಬ್ಬು, ನಡೆ ನಿಧಾನ, ಸತ್ತರೆ ಮುಳುಗದೆ ತೇಲುವ ಪ್ರಾಣಿ. ಬೇಟೆಗಾರನಿಗೆ ಇನ್ನೇನು ಬೇಕು? ಊರೂರಿನ ದೀಪಕ್ಕೆ ಎಣ್ಣೆಯಾಗಿ ಉರಿದು ಹೋದವು. ಬೆರಳೆಣಿಕೆಯಷ್ಟು ಉಳಿದಾಗ ಬೇಟೆ ನಿಲ್ಲಿಸಿದರು. ಉಳಿದವು ಮರಿ ಹಾಕಿದವು, ಸಂಖ್ಯೆಯೂ ಏರಿತೆನ್ನಿ. ಆದರೆ ಸತ್ತವುಗಳ ಜೊತೆಗೆ ಹೋದ ವಂಶವಾಹಿಗಳು ಮರಳಿ ಬರುವುದಿಲ್ಲ. ಎಲ್ಲವೂ ಅವೇ ನಾಲ್ಕಾರು ಮನೆಯ ಮೊಮ್ಮಕ್ಕಳು. ಒಂದು ಹೊಸ ಜಡ್ಡು ಬಂದರೆ, ಸಮುದ್ರ ತುಸು ಬಿಸಿಯಾದರೆ, ತಡೆದುಕೊಳ್ಳುವ ಬಗೆಬಗೆಯ ಶಕ್ತಿ ಅವುಗಳಲ್ಲಿಲ್ಲ. ಇದನ್ನು ನಮ್ಮ ಓಣಿಯಲ್ಲಿ ಕುರಿ ಕಾಯುವ ಬೀರಪ್ಪನ ಭಕ್ತ ಮಾಳಪ್ಪನಿಗೆ ಉತ್ಸಾಹದಿಂದ ವಿವರಿಸಿದೆ. "ಅದಕ್ಕ ನಾವು ಮೂರ ವರ್ಷಕ್ಕೊಮ್ಮೆ ಟಗರ ಬದಲಿ ಮಾಡ್ತೀವಲ್ರೀ ಮಾಸ್ತರ. ಬ್ಯಾರೆ ಊರಿಂದ ತರ್ತೀವಿ" ಎಂದು ಅವನು ಕಂಬಳಿ ಕೊಡವಿ ಎದ್ದುಹೋದ. ಅಷ್ಟನ್ನು ತಿಳಿಯಲು ನಾನು ಧಾರವಾಡದಲ್ಲಿ ಮೂರು ವರ್ಷ ಮೆಸ್ಸಿನ ಊಟ ಮಾಡಿದ್ದೆ.

ಮಕ್ಕಳಿಗೆ ತೋರಿಸಲು ನಾನು ಒಂದು ಪ್ರಯೋಗವನ್ನೂ ಕಟ್ಟಿದ್ದೆ. ನೇಯುವಾಗ ಲಾಳಿಯೊಳಗೆ ಇಡುವ ನೂಲಿನ ಸಣ್ಣ ಸುರುಳಿಗೆ ಕಂಡಿಕೆ ಎನ್ನುತ್ತೇವೆ. ಐದು ಬಣ್ಣದ ಕಂಡಿಕೆಗಳನ್ನು ಬಣ್ಣಕ್ಕೆ ಹತ್ತರಂತೆ ಬುಟ್ಟಿಗೆ ಹಾಕಿ, ಕಣ್ಣು ಮುಚ್ಚಿ ಐದೇ ಐದು ತೆಗೆಯಲು ಹೇಳಬೇಕು. ಹೆಚ್ಚಾಗಿ ಮೂರೋ ನಾಲ್ಕೋ ಬಣ್ಣ ಬರುತ್ತವೆ. ಇನ್ನು ಮೇಲೆ ಅವೇ ಬಣ್ಣಗಳಿಂದ ಬುಟ್ಟಿ ತುಂಬಿದರೆ ಬುಟ್ಟಿಯೇನೋ ತುಂಬುತ್ತದೆ, ಬಣ್ಣ ಹೋದದ್ದು ಹೋಯಿತು. ಪ್ರದರ್ಶನದಲ್ಲಿ ಇದು ಒಮ್ಮೆಯೂ ಕೈಕೊಡಲಿಲ್ಲ. ಇದನ್ನು ಅಕ್ಕನ ಮುಂದೆ ಮಾಡಿ ತೋರಿಸಿದರೆ ನಾನು 'ಬೇಡ' ಎನ್ನುವ ಪ್ರಮೇಯವೇ ಇಲ್ಲ, ವಿಜ್ಞಾನವೇ ನನ್ನ ಪರವಾಗಿ 'ಬೇಡ' ಎನ್ನುತ್ತದೆ ಎಂದು ಲೆಕ್ಕ ಹಾಕಿದೆ. ತಿಮಿಂಗಿಲದ ಪಟ ಸುತ್ತಿ ಬಗಲಲ್ಲಿ ಇಟ್ಟುಕೊಂಡು, ಅಮೀನಗಡದಲ್ಲಿ ಕರದಂಟು ಕೊಂಡು, ಗೆದ್ದವನ ಠೀವಿಯಲ್ಲೇ ಇಲಕಲ್ಲಿನ ಬಸ್ಸು ಹತ್ತಿದೆ.

ಅಕ್ಕ ಪಡಸಾಲೆಯಲ್ಲಿ ರಾಟೆ ತಿರುಗಿಸುತ್ತ ಕಂಡಿಕೆ ಸುತ್ತುತ್ತಿದ್ದಳು. ನನ್ನ ಭಾವನೂ ಮಾವನೂ ಆದ ಹಿರಿಯರು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದರು. ಅಕ್ಕ ಮಾತಾಡುವಾಗ ಅವರು ತಲೆ ಎತ್ತುವವರಲ್ಲ. ನಾನು ಗೋಡೆಗೆ ಪಟ ತೂಗುಹಾಕಿ ಗಂಟಲು ಸರಿಮಾಡಿಕೊಂಡೆ.

"ಅಕ್ಕಾ, ಉತ್ತರ ಧ್ರುವದಾಗ ಇಂಥಾದೊಂದು ಪ್ರಾಣಿ ಐತಿ."

"ಇರಲಿ. ಚಾ ಕುಡಿ ಮೊದಲ."

ಚಹಾ ಕುಡಿದು ಹಿಮ, ಹಡಗು, ಕೊಬ್ಬು ಎಲ್ಲ ಹೇಳಿದೆ. ಅಕ್ಕ ರಾಟೆ ನಿಲ್ಲಿಸದೆ ಕೇಳಿದಳು. "ಅಷ್ಟ ದೊಡ್ಡ ಮೀನಾ?"

"ಮೀನಲ್ಲಕ್ಕಾ. ಮರಿಗೆ ಮೊಲಿ ಉಣಿಸೋ ಪ್ರಾಣಿ."

"ಹಂಗಾರ ಆ ನೀರಾಗ, ಆ ಥಂಡ್ಯಾಗ ಅದರ ಬಾಣಂತನಾ ಯಾರು ಮಾಡ್ತಾರ?"

ಪತ್ರಿಕೆಯಲ್ಲಿ ಆ ಬಗ್ಗೆ ಏನೂ ಬರೆದಿರಲಿಲ್ಲ. ನಾನು ನೇರ ಪ್ರಯೋಗಕ್ಕೆ ಇಳಿದೆ. ಅವಳ ಬುಟ್ಟಿಯನ್ನೇ ಮುಂದಿಟ್ಟು, ಕಣ್ಣು ಮುಚ್ಚಿ ಐದು ಕಂಡಿಕೆ ತೆಗೆ ಎಂದೆ. ಅಕ್ಕ ಸೆರಗಿನಿಂದ ಕಣ್ಣು ಮುಚ್ಚಿಕೊಂಡು ಬುಟ್ಟಿಯಲ್ಲಿ ಕೈಯಾಡಿಸಿ ಐದು ತೆಗೆದು ಸಾಲಾಗಿ ಇಟ್ಟಳು: ದಾಳಿಂಬೆ ಕೆಂಪು, ಕಪ್ಪು, ಹಸಿರು, ಹಳದಿ, ಬಿಳಿ. ನಲವತ್ತು ವರ್ಷ ನೂಲು ಹಿಡಿದವಳ ಬೆರಳುಗಳಿಗೆ ಬಣ್ಣ ತಿಳಿಯುತ್ತದೆಂಬುದನ್ನು ನಾನು ಮರೆತಿದ್ದೆ. ಕಪ್ಪು ನೂಲು ಬಣ್ಣ ಕುಡಿದು ಬಿರುಸಾಗಿರುತ್ತದೆ, ಕೆಂಪು ರೇಷ್ಮೆ ಜಾರುತ್ತದೆ. ಅದೇ ಮನೆಯಲ್ಲಿ ಬೆಳೆದ ನಾನು ಇಂಥ ತಪ್ಪು ಮಾಡಬಾರದಿತ್ತು.

"ಐದ ತಗದ್ರ ಐದ ಬಣ್ಣ. ನಿನ್ನ ತಿಮಿಂಗಿಲಕ್ಕ ಏನೂ ಆಗಿಲ್ಲ. ಉಣ್ಣಾಕ ಏಳು" ಎಂದಳು.

"ಹಂಗಲ್ಲಕ್ಕಾ, ಕೈಗೆ ಟಾವೆಲ್ ಸುತ್ಕೊಂಡು ತಗೀ" ಎಂದೆ.

"ಬ್ಯಾಟಿಗಾರ ಟಾವೆಲ್ ಸುತ್ಕೊಂಡು ಹೊಡೀತಾನೇನು? ಅಂವ ಆರಿಸಿ ಹೊಡೀತಾನ. ದಪ್ಪಂದು ಮೊದಲ" ಎಂದು ಅಕ್ಕ ಕಣ್ಣು ತೆರೆದು ದಪ್ಪ ದಪ್ಪ ಕಂಡಿಕೆಗಳನ್ನೆಲ್ಲ ಬುಟ್ಟಿಯಿಂದ ಹೊರಗಿಟ್ಟಳು. ತಳದಲ್ಲಿ ಅರೆ ತೀರಿದ ನಾಲ್ಕು ಕಪ್ಪು ಕಂಡಿಕೆ ಉಳಿದವು. ಅವಳು ಬುಟ್ಟಿಯನ್ನು ಓರೆಮಾಡಿ ನೋಡಿದಳು. "ಪಾಪ" ಎಂದಳು. "ಇಷ್ಟರಾಗ ಸೀರಿ ಮುಗಿಯೂದಿಲ್ಲ."

"ಅದ ಅಕ್ಕಾ! ಅದನ್ನ ಹೇಳಾಕ ಬಂದೇನಿ! ಹಂಗ ನಾವೂ ನಾಲ್ಕ ತಲಿಯಿಂದ ಎರಡ ಮನಿಯೊಳಗ ಕೊಟ್ಟು ತಗೊಂಡು..." ಎಂದು ಆವೇಶದಿಂದ ತೊಡಗಿದವನು ಅಲ್ಲಿಗೇ ನಿಂತೆ. ಮುಂದಿನ ವಾಕ್ಯದಲ್ಲಿ ಅವಳ ಮಗಳೂ ನಾನೂ ಇದ್ದೆವು.

"ನಿನ್ನ ಮಗಳು ಯಾತಕ್ಕರ ಕಡಿಮಿ ಆಗ್ಯಾಳೇನು?" ಎಂದು ಅಕ್ಕ ಕೇಳಿದಳು.

"ಇಲ್ಲ."

"ಮತ್ತ ಹೇಳೂದು ಏನರ ಉಳದೈತೇನು?"

ಬಾಯಿಯವರೆಗೆ ಬಂದಿತ್ತು. ಅಳುತ್ತ ಕೂತ ಸುಮಾಳ ಮುಖವೂ ಕಣ್ಣೆದುರಿಗಿತ್ತು. ಆದರೆ ಕೈತುತ್ತು ಕೊಟ್ಟವಳಿಗೆ ಬೇಡ ಎನ್ನುವುದು ಹೇಗೆ? "ಇಲ್ಲಕ್ಕಾ" ಎಂದುಬಿಟ್ಟೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅಕ್ಕ ಕಂಡಿಕೆಗಳನ್ನು ಮರಳಿ ಬುಟ್ಟಿಗೆ ತುಂಬುತ್ತ ಹೇಳಿದಳು: "ಸುಮಾ ಹ್ವಾದ ಐತವಾರ ಬಂದಿದ್ಲು. ಬಾಗಲಕೋಟಿಯಿಂದ ಸೀದಾ. ಬಾಗಲದಾಗ ನಿಂತು, 'ಅಜ್ಜಿ, ಮಾಮಾ ನನಗ ಮಾಮಾನ ಇರ್ಲಿ, ನಾ ಒಲ್ಲೆ' ಅಂದ್ಲು. ಚಪ್ಪಲಿ ಸೈತ ಬಿಟ್ಟಿದ್ದಿಲ್ಲ ಇನ್ನೂ."

"ನೀ ಏನಂದಿ?"

"ಆತು ಬಿಡು, ಓದು ಅಂದೆ. ಒಲ್ಲದ ಹುಡುಗಿನ ತಂದು ಏನ ಮಾಡ್ಲಿ? ಮಹಾಂತೇಶಗ ಬಾದಾಮಿ ಕಡೆ ಕನ್ಯಾ ನೋಡಾಕ ಹೇಳೇನಿ."

"ಮತ್ತ ನನಗ ಯಾಕ ಹೇಳಲಿಲ್ಲ?"

"ನೀ ಒಮ್ಮೆರ ನನಗ ಬ್ಯಾಡ ಅಂತೀಯೇನು ನೋಡಬೇಕಾಗಿತ್ತು. ಮಗಳು ಒಂದ ಮಾತಿನ್ಯಾಗ ಮುಗಿಸಿ ಹ್ವಾದ್ಲು. ನೀ ಉತ್ತರ ಧ್ರುವಾ ಸುತ್ತಿ ಬಂದೂ ಬಾಯಿ ಬಿಡಲಿಲ್ಲ."

ಮಗ್ಗದ ಕುಣಿಯಿಂದ ಭಾವ ನಕ್ಕದ್ದು ಕೇಳಿಸಿತು. ನನಗೆ ತಿಳಿದಂತೆ ಅದೇ ಮೊದಲ ಸಲ.

ಮರುದಿನ ಕಮತಗಿಗೆ ಮರಳಿ ಶಾಂತಾಳಿಗೆ ಎಲ್ಲವನ್ನೂ ಹೇಳಿದೆ. ನನ್ನ ಕಥೆಯಲ್ಲಿ ತಿಮಿಂಗಿಲಕ್ಕೆ ಸ್ವಲ್ಪ ಹೆಚ್ಚು ಜಯವಾಯಿತು ಎನ್ನಿ. ಆಕೆ ಮೊರದಲ್ಲಿ ಜೋಳ ಹಸನು ಮಾಡುತ್ತ ಕೇಳಿದಳು. ಮಗಳು ಬಾಗಿಲಲ್ಲಿ ನಿಂತು ಒಲ್ಲೆ ಎಂದ ಸಂಗತಿ ಬಂದಾಗ ಅವಳ ಕೈ ಒಂದು ಕ್ಷಣ ನಿಂತಿತು. ಆಗ ನನಗೆ, ವಿಜ್ಞಾನದ ಮಾಸ್ತರನಿಗೆ, ಇಪ್ಪತ್ತು ವರ್ಷ ತಡವಾಗಿ ಒಂದು ಪ್ರಶ್ನೆ ಹೊಳೆಯಿತು.

"ಶಾಂತಾ, ನಮ್ಮ ಮದುವಿ ಗೊತ್ತ ಮಾಡುಮುಂದ ನಿನಗ ಯಾರರ ಕೇಳಿದ್ರೇನು?"

"ಯಾರ ಕೇಳ್ತಾರ್ರೀ? ಅವ್ವ ಹೇಳಿದ್ಲು, ನೀವು ಹೂಂ ಅಂದ್ರಿ."

"ಕೇಳಿದ್ರ ಏನಂತಿದ್ದಿ?"

ಶಾಂತಾ ಮೊರ ಕೆಳಗಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹೆಣ್ಣು ನೋಡಲು ಹೋದ ಗಂಡಸರು ಹೇಗೆ ನೋಡುತ್ತಾರೋ ಹಾಗೆ. ನಾನು ಅರಿವಿಲ್ಲದೆ ಅಂಗಿಯ ಗುಂಡಿ ಸರಿಮಾಡಿಕೊಂಡೆ.

"ವಿಚಾರ ಮಾಡಿ ಹೇಳ್ತೇನ್ರಿ" ಎಂದು ಒಳಗೆ ಹೋದಳು.

ಇದಾಗಿ ವರ್ಷಗಳಾದವು. ಸುಮಾ ಎಂ.ಎಸ್ಸಿ. ಮುಗಿಸಿದಳು, ಮಹಾಂತೇಶನ ಮದುವೆಯೂ ಆಯಿತು. ಶಾಂತಾ ಇನ್ನೂ ವಿಚಾರ ಮಾಡುತ್ತಿದ್ದಾಳೆ. ನಾನೂ ಮತ್ತೆ ಕೇಳಲು ಹೋಗಿಲ್ಲ.