ಕಾಲು ತೊಳೆದು ಬರುವ ಹಾಡು

ನಮ್ಮಣ್ಣನಿಗೆ ಪಕ್ಕದ ಕೋಣೆಯ ಫ್ರಿಜ್ಜು ಉಸಿರಾಡುವುದು ಕೇಳಿಸುತ್ತದೆ. ಟ್ಯೂಬ್‌ಲೈಟು ಗುಂಯ್‌ಗುಡುವುದು ಕೇಳಿಸುತ್ತದೆ. ಹೆಂಡತಿ ಕರೆದದ್ದು ಮಾತ್ರ ಕೇಳಿಸುವುದಿಲ್ಲ! ಇಂಥ ಕಿವಿ ಇಡೀ ಹೊಸನಗರ ತಾಲ್ಲೂಕಿನಲ್ಲಿ ಇನ್ನೊಂದಿಲ್ಲವೆಂದು ನಾನು ಯಾವ ಬಸದಿಯ ಮುಂದೆ ಬೇಕಾದರೂ ನಿಂತು ಹೇಳಬಲ್ಲೆ.

ಅಣ್ಣನಿಗೆ ರಿಪ್ಪನ್‌ಪೇಟೆಯಲ್ಲಿ ಬಟ್ಟೆ ಅಂಗಡಿ. ನನಗೆ ಅವನ ಮನೆಯ ಗೋಡೆಗೆ ಅಂಟಿಕೊಂಡೇ ಹಿಟ್ಟಿನ ಗಿರಣಿ. ಅವನು ಬಿ.ಎ. ಓದಿದ. ನಾನು ಎಸ್ಸೆಸ್ಸೆಲ್ಸಿಯ ಹೊಸ್ತಿಲಲ್ಲಿ ಎಡವಿ ಬಿದ್ದವನು ಎದ್ದಿದ್ದು ಗಿರಣಿಯೊಳಗೇ. ಇಷ್ಟು ವರ್ಷ ಗಿರಣಿಯ ಮುಂದೆ ನಿಂತವನ ಕಿವಿ ಹೇಗಿರಬೇಡ? ಅರ್ಧ ರಾಗಿ, ಅರ್ಧ ಗೋಧಿ. ಸಂಗೀತದ ವಿಷಯ ಬರೆಯಲು ನನಗೆ ಯಾವ ಯೋಗ್ಯತೆಯೂ ಇಲ್ಲ. ಆದರೂ ಬರೆಯುತ್ತಿದ್ದೇನೆ. ಅವನಿಗೆ ಇದ್ದ ಒಂದೇ ಒಂದು ಸುಖವನ್ನು ನಾನು ಹಾಳು ಮಾಡಿದೆ. ಅದನ್ನು ಯಾರಿಗಾದರೂ ಹೇಳದೆ ಊಟ ಸೇರುತ್ತಿಲ್ಲ.

ನಾವು ಜೈನರು. ಹೊತ್ತು ಮುಳುಗುವ ಮೊದಲೇ ನಮ್ಮಲ್ಲಿ ಊಟ. ಬೇರೆಯವರ ಮನೆಯಲ್ಲಿ ಸಂಜೆಯ ಒಗ್ಗರಣೆ ಚಟಪಟ ಅನ್ನುವಾಗ ನಮ್ಮ ಪಾತ್ರೆಗಳನ್ನು ತೊಳೆದು ಕವುಚಿಯಾಗಿರುತ್ತದೆ. ಆಮೇಲೆ ಮಲಗುವ ತನಕ ಏನು ಮಾಡುವುದು? ಕೆಲವರು ಟೀವಿ ನೋಡುತ್ತಾರೆ, ಕೆಲವರು ನೆಂಟರನ್ನು ಬೈಯುತ್ತಾರೆ. ಅಣ್ಣ ಹಾಡು ಕೇಳುತ್ತಾನೆ. ಕ್ಯಾಸೆಟ್ಟಿನ ಕಾಲದಿಂದಲೂ ಕೇಳುತ್ತಿದ್ದ, ಸೀಡಿಯ ಕಾಲದಲ್ಲೂ ಕೇಳಿದ. ಈಚೆಗೆ ಅವನಿಗೆ ಸ್ಟ್ರೀಮರ್ ಎಂಬ ಯಂತ್ರದ ಹುಚ್ಚು ಹತ್ತಿತು.

ಒಂದು ಮಳೆಗಾಲ ಪೂರ್ತಿ ಅಂಗಡಿಯ ಗಲ್ಲಾದ ಹಿಂದೆ ಕೂತು ಮೊಬೈಲಿನಲ್ಲಿ ಅದರ ಬಗ್ಗೆಯೇ ಓದಿದ. ಗಿರಾಕಿ ರವಿಕೆ ಕಣ ಕೇಳಿದರೆ "ಯಾವ ಡ್ಯಾಕ್ ಇರೋದು?" ಎಂದು ತನ್ನಷ್ಟಕ್ಕೇ ಗೊಣಗುತ್ತಿದ್ದನಂತೆ. ಡ್ಯಾಕ್ ಅಂದರೆ ಆ ಯಂತ್ರದೊಳಗಿನ ಒಂದು ಭಾಗವಂತೆ. ಆರಿಸುವುದಕ್ಕೆಂದು ತಾಳಗುಪ್ಪದಿಂದ ಬರುವ ರೈಲು ಹತ್ತಿ ಬೆಂಗಳೂರಿಗೂ ಹೋದ. ಅಲ್ಲಿನ ಅಂಗಡಿಯಲ್ಲಿ ಏಸಿ ಆರಿಸಿ ಎಂದ, ಆರಿಸಿದರು. ಫ್ಯಾನು ನಿಲ್ಲಿಸಿ ಎಂದ, ನಿಲ್ಲಿಸಿದರು. ಆಮೇಲೆ, "ನೀವೂ ಸ್ವಲ್ಪ ಹೊರಗೆ ನಿಂತ್ಕೊಳ್ತೀರಾ?" ಎಂದು ಅಂಗಡಿಯವನಿಗೇ ಹೇಳಿದನಂತೆ! ಅವನು ನಿಂತ. ಬೆಳಿಗ್ಗೆ ಹೋದವನು ಶಟರ್ ಎಳೆಯುವ ಹೊತ್ತಿಗೆ ಒಂದನ್ನು ಒಪ್ಪಿಕೊಂಡು ಬಂದ.

ಸಾಗರದ ಪಾರ್ಸೆಲ್ ಆಫೀಸಿನಿಂದ ಅದನ್ನು ಹಸುಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದೆವು. ಕಾರು ಹೊಡೆದಿದ್ದು ನಾನು. ಗುಂಡಿ ಬಂದಲ್ಲೆಲ್ಲ ಅವನು, "ನಿಧಾನ ಮಾರಾಯ, ಒಳಗೆ ಜೀವ ಇದೆ" ಅನ್ನುತ್ತಿದ್ದ. ಮನೆಯಲ್ಲಿ ಡಬ್ಬ ಬಿಚ್ಚಿದರೆ ಹೊಳೆಯುವ ಒಂದು ಕಪ್ಪು ಪೆಟ್ಟಿಗೆ, ಅಷ್ಟೇ. ಅತ್ತಿಗೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದರಲ್ಲಿ ಗುಂಡಿ ಎಲ್ಲಿದೆ?"

"ಗುಂಡಿ ಇರಲ್ಲ. ಎಲ್ಲ ಮೊಬೈಲಿಂದಲೇ."

"ಇಷ್ಟು ದುಡ್ಡು ಹೊಡೆದು ಒಂದು ಗುಂಡಿನೂ ಕೊಡ್ಲಿಲ್ವಾ? ಹಾಡು ಎಲ್ಲಿಂದ ಬರತ್ತೆ?"

"ಇಂಟರ್ನೆಟ್ಟಿಂದ."

"ಅದು ನನ್ನ ಮೊಬೈಲಿಗೂ ಬರತ್ತಲ್ರೀ!"

ಅಣ್ಣ ಅಂಗಡಿಯಲ್ಲಿ ರೇಷ್ಮೆ ಸೀರೆಯ ಬಗ್ಗೆ ಹೇಳುವ ದನಿಯಲ್ಲಿ ಹೇಳಿದ: "ಬರತ್ತೆ. ಆದ್ರೆ ಕೆಸರು ಕಾಲಲ್ಲಿ ಬರತ್ತೆ. ಇದು ಕಾಲು ತೊಳೆಸಿ ಒಳಗೆ ಬಿಡತ್ತೆ."

ನನಗೆ ಯಂತ್ರ ಇವತ್ತಿಗೂ ಅರ್ಥವಾಗಿಲ್ಲ. ಆ ಮಾತು ಅರ್ಥವಾಯಿತು.

ಇನ್ನು ಕೂರಿಸುವ ಸಂಭ್ರಮ! ವೈಫೈ ಬೇಡವೆಂದ. ಗಾಳಿಯಲ್ಲಿ ತೇಲಿ ಬಂದದ್ದಕ್ಕೆ ಭರವಸೆಯಿಲ್ಲವಂತೆ. ರೌಟರ್ ಇರುವ ಜಗಲಿಯಿಂದ ಹಾಡಿನ ಕೋಣೆಯವರೆಗೆ ಅಟ್ಟದ ಮೇಲೆ ವೈರು ಎಳೆಸಿದ. ಗೋಡೆಯಿಂದ ಶಬ್ದ ಪುಟಿಯಬಾರದೆಂದು ಅಂಗಡಿಯಲ್ಲಿ ಖರ್ಚಾಗದ ಜಮಖಾನಗಳನ್ನು ತಂದು ಗೋಡೆಗೆಲ್ಲ ನೇತುಹಾಕಿದ. ಮೂಲೆಗಳಲ್ಲಿ ಪ್ಯಾಂಟು ಬಟ್ಟೆಯ ಥಾನುಗಳನ್ನು ಉದ್ದಕ್ಕೆ ನಿಲ್ಲಿಸಿದ. ಮೃದಂಗದ ಗುಮ್ಮೆನ್ನುವ ಶಬ್ದವನ್ನು ಅವು ಕುಡಿಯುತ್ತವಂತೆ. ಹುಂಚದಿಂದ ಬಂದ ನಮ್ಮ ಚಿಕ್ಕಪ್ಪ ಒಂದು ಥಾನನ್ನು ಮುಟ್ಟಿ ನೋಡಿ, "ಬಟ್ಟೆ ಪಸಂದಾಗಿದೆ ಕಣೋ, ಒಂದು ಪ್ಯಾಂಟಿಗಾಗೋಷ್ಟು ಹರಿದು ಕೊಡು" ಎಂದರು. ಅಣ್ಣ ಗಾಬರಿಯಾಗಿ ಅಡ್ಡ ನಿಂತ. "ಬೇಡ ಚಿಕ್ಕಪ್ಪಾ! ಅದನ್ನ ಕತ್ತರಿಸಿದ್ರೆ ಮೃದಂಗ ಕೆಡತ್ತೆ!" ಚಿಕ್ಕಪ್ಪ ಅವನ ಹಣೆ ಮುಟ್ಟಿ ನೋಡಿದರು.

ಹಾಡು ಹಾಕುವ ಮೊದಲು ಫ್ರಿಜ್ಜು ಆರಿಸಬೇಕು. ಎಷ್ಟೋ ಸಲ ಮತ್ತೆ ಹಾಕಲು ಮರೆಯುತ್ತಿದ್ದ. ಬೆಳಿಗ್ಗೆ ಅತ್ತಿಗೆ ಪಾತ್ರೆ ಹಿಡಿದು ಅಂಗಳಕ್ಕೇ ಬಂದು ಕೇಳುತ್ತಿದ್ದರು: "ನಿನ್ನೆ ಹಾಡಿದ್ದು ಯಾವ ರಾಗ ರೀ? ಹಾಲು ಪೂರ್ತಿ ಒಡೆದಿದೆ!" ನನ್ನ ಗಿರಣಿಯ ಮೇಲೂ ದೂರು. ಮೋಟಾರಿನ ಗಲೀಜು ಕರೆಂಟಿನೊಳಗೆ ಸೇರಿ ವೀಣೆಯ ಮೇಲೆ ಹಿಟ್ಟು ಉದುರಿದ ಹಾಗಾಗುತ್ತದಂತೆ. "ಹಾಗಾದ್ರೆ ಜನ ರಾಗೀನ ಬೀಸೋ ಕಲ್ಲಲ್ಲಿ ಬೀಸ್ಕೊಳ್ಬೇಕಾ?" ಎಂದು ನಾನು ರೇಗಿದೆ. ಆದರೂ ಅವನ ಊಟ ಮುಗಿಯುವ ಹೊತ್ತಿಗೆ ಮೋಟಾರು ನಿಲ್ಲಿಸುತ್ತಿದ್ದೆ. ಒಳಗೊಳಗೆ ಸಿಟ್ಟಿತ್ತೋ ಏನೋ. ಮುಂದೆ ಮಾಡಿದ್ದನ್ನು ನೆನೆದರೆ ಇದ್ದಿರಬೇಕು ಅನ್ನಿಸುತ್ತದೆ.

ಆಮೇಲೆ ಆ ವೈರು ಬಂತು. ರೌಟರಿನ ಕಡೆಯಿಂದ ಬಂದದ್ದನ್ನು ಯಂತ್ರಕ್ಕೆ ಸೇರಿಸುವ ಗಿಡ್ಡ ವೈರು, ಹೆಣ್ಣುಮಕ್ಕಳ ಜಡೆಯ ಹಾಗೆ ಹೆಣೆದದ್ದು. ಇದನ್ನು ಹಾಕಿದರೆ ಹಾಡು ಇನ್ನೂ ಚೊಕ್ಕವಾಗುತ್ತದಂತೆ. ಊಟ ಮುಗಿಸಿ ಅಣ್ಣ ನನ್ನನ್ನು ಕರೆದ.

"ನಾನು ಕಣ್ಣು ಮುಚ್ಚಿ ಕೂತ್ಕೊಳ್ತೀನಿ. ಮೊದ್ಲು ಹಳೇದರಲ್ಲಿ ಕೇಳ್ತೀನಿ. ಆಮೇಲೆ ನೀನು ಹಿಂದೆ ಹೋಗಿ ಬದಲಾಯಿಸು. ನಿನ್ನ ಬಿಟ್ರೆ ಆ ಸಂದಿಗೆ ಯಾರೂ ಹಿಡಿಯಲ್ಲ."

ನಾನು ತೆಳ್ಳಗಿದ್ದೇನೆ ಎಂಬುದೇ ನನ್ನ ವಿದ್ಯಾರ್ಹತೆ. ಯಂತ್ರ ಕೂರಿಸಿದ್ದ ಬೀರುವಿನ ಹಿಂದೆ ತೂರಿದೆ. ಜೇಡರ ಬಲೆ ಮುಖಕ್ಕೆ ಅಂಟಿತು, ಮಂಡಿ ಕಿರ್ರೆಂದಿತು. ಆ ವೈರಿನ ತುದಿಗೆ ಪ್ಲಾಸ್ಟಿಕ್ಕಿನ ಸಣ್ಣ ನಾಲಿಗೆಯೊಂದಿರುತ್ತದೆ, ಅದನ್ನು ಒತ್ತಿ ಹಿಡಿದರೆ ಮಾತ್ರ ವೈರು ಕಳಚಿಕೊಳ್ಳುತ್ತದೆ. ನನ್ನ ಹೆಬ್ಬೆರಳು ಗಿರಣಿಯ ಹೆಬ್ಬೆರಳು. ಅದಕ್ಕೆ ನಾಲಿಗೆ ಸಿಗಲೇ ಇಲ್ಲ. ಬೆವರು ಕಣ್ಣಿಗಿಳಿಯಿತು. ಕೊನೆಗೆ ಏನು ಮಾಡಿದೆ ಅಂತೀರಿ? ಹಳೆಯ ವೈರನ್ನೇ ಸ್ವಲ್ಪ ಅಲ್ಲಾಡಿಸಿ, ಹೊಸದನ್ನು ಬೀರುವಿನ ಅಡಿಗೆ ತಳ್ಳಿ, ಹೊರಗೆ ಬಂದು "ಆಯ್ತು" ಎಂದೆ.

ಅಣ್ಣ ಹಾಡು ಹಾಕಿದ. ಕಣ್ಣು ತೆರೆದು ನನ್ನನ್ನು ಒಮ್ಮೆ ನೋಡಿದ, ಮತ್ತೆ ಮುಚ್ಚಿದ. ಮುಖ ಅರಳಿತು.

"ಓಹೋ! ಎಂಥಾ ವ್ಯತ್ಯಾಸ ಮಾರಾಯ! ತಂಬೂರಿ ಹಿಂದಕ್ಕೆ ಹೋಯ್ತು, ಹಾಡೋರು ಎದುರಿಗೇ ಬಂದು ಕೂತ್ರು ನೋಡು!"

ಆಗಲೇ ನಿಜ ಹೇಳಿದ್ದರೆ ಇಬ್ಬರೂ ನಕ್ಕು ಮುಗಿಸುತ್ತಿದ್ದೆವು. ಹೇಳಲಿಲ್ಲ. ಮರುದಿನ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ, ಚಹಾದ ಜೊತೆಗೆ, ಅವನ ದನಿಯನ್ನೇ ಅಣಕಿಸಿ ಹೇಳಿದೆ! "ತಂಬೂರಿ ಹಿಂದಕ್ಕೆ ಹೋಯ್ತು!" ಹೋಟೆಲೆಲ್ಲ ನಕ್ಕಿತು. ಓದಿದ ಅಣ್ಣನಿಗಿಂತ ಓದದ ತಮ್ಮ ಜಾಣನೆಂದು ಯಾರೋ ಬೆನ್ನು ತಟ್ಟಿದರು. ಬೆನ್ನಿಗೆ ಬಹಳ ಹಿತವಾಯಿತು. ಆ ಹಿತಕ್ಕಾಗಿ ಮತ್ತೆ ಮತ್ತೆ ಹೇಳಿದೆ. ರಿಪ್ಪನ್‌ಪೇಟೆಯ ಬಸ್ಸುಗಳು ಯಾವ ಊರಿಗೆ ಹೋಗುವುದಿಲ್ಲ? ಕತೆ ಟಿಕೆಟ್ಟಿಲ್ಲದೆ ಎಲ್ಲ ಕಡೆ ಹೋಯಿತು.

ತೀರ್ಥಹಳ್ಳಿಯಲ್ಲಿ ನೆಂಟರ ಮದುವೆ. ಊಟದ ಪಂಕ್ತಿಯಲ್ಲಿ ಅಣ್ಣನ ಪಕ್ಕ ನಾನು. ಎದುರು ಸಾಲಿನಲ್ಲಿ ನಮ್ಮ ಚಿಕ್ಕಪ್ಪನ ಅಳಿಯ. ಬಾಯಿ ಜೋರಿನ ಮನುಷ್ಯ. ಪಾಯಸ ಬಡಿಸುತ್ತಿದ್ದಾಗ ಅಲ್ಲಿಂದಲೇ ಕೂಗಿದ:

"ಭಾವಾ, ಈ ಪಾಯಸ ಹಳೇ ವೈರಿಂದ ಬಂದಿದ್ದೋ, ಹೊಸ ವೈರಿಂದ ಬಂದಿದ್ದೋ? ರುಚಿ ನೋಡಿ ಹೇಳಿ!"

ಇಡೀ ಸಾಲು ಹೊಟ್ಟೆ ಹಿಡಿದು ನಕ್ಕಿತು. ಅಣ್ಣನಿಗೆ ತಿಳಿಯಲಿಲ್ಲ. "ಯಾವ ವೈರು?" ಎಂದು ಅವನೂ ನಗುತ್ತಲೇ ಕೇಳಿದ. ಅಳಿಯ ಕೈಸನ್ನೆ ಸಮೇತ, ಬೀರುವಿನ ಅಡಿಗೆ ತಳ್ಳಿದ್ದರವರೆಗೂ ಬಿಡಿಸಿ ಹೇಳಿದ. ಅಣ್ಣ ನನ್ನ ಕಡೆ ತಿರುಗಿದ. ನಾನು ಬಾಳೆಲೆಯ ಮೇಲಿನ ಉಪ್ಪನ್ನು ನೋಡುತ್ತಿದ್ದೆ. ಅವನು ಮತ್ತೊಮ್ಮೆ ನಕ್ಕ, ಪಾಯಸ ಕುಡಿದ. ವಾಪಸು ಬರುವಾಗ ದಾರಿಯುದ್ದಕ್ಕೂ ಆಡಿದ್ದು ಒಂದೇ ಮಾತು: "ಬೆಲ್ಟ್ ಹಾಕ್ಕೋ."

ಅವತ್ತಿನಿಂದ ಹಾಡು ನಿಂತಿತು. ಯಂತ್ರದ ಮೇಲೆ ಒಂದು ಟವೆಲ್ಲು ಬಿತ್ತು. ಊಟವಾದ ಮೇಲೆ ಅಣ್ಣ ಅಂಗಡಿಗೆ ವಾಪಸು ಹೋಗಿ ಮಡಚಿದ ಸೀರೆಗಳನ್ನೇ ಬಿಚ್ಚಿ ಮಡಚುತ್ತಿದ್ದ. ನಾನು ಅಭ್ಯಾಸಬಲದಿಂದ ಮೋಟಾರು ನಿಲ್ಲಿಸಿದರೆ ಗೋಡೆಯಾಚೆಯಿಂದ ಏನೂ ಬರುತ್ತಿರಲಿಲ್ಲ. ಒಂದು ದಿನ ಅತ್ತಿಗೆ ರಾಗಿ ಡಬ್ಬ ತಂದು ಗಿರಣಿಯ ಕಟ್ಟೆಯ ಮೇಲಿಟ್ಟರು.

"ಈಗ ಹಾಲು ಒಡೆಯಲ್ಲ" ಎಂದರು. "ಸಂತೋಷ ಆಯ್ತಾ ನಿಂಗೆ? ಕುಡೀತಿದ್ರಾ ನಿಮ್ಮಣ್ಣ, ಇಸ್ಪೀಟು ಆಡ್ತಿದ್ರಾ?"

ನಾನು ಹಿಟ್ಟಿನ ಕೈಯಲ್ಲೇ ಹೋದೆ. ಅಣ್ಣ ಜಗಲಿಯಲ್ಲಿ ಕೂತಿದ್ದ. ತಪ್ಪಾಯಿತು ಅಂದೆ. "ವೈರು ಬದಲಾಯಿಸ್ಲಿಲ್ಲ ಅಂತ ಅವತ್ತೇ ಹೇಳ್ಬೇಕಿತ್ತು ಅಣ್ಣ. ನೀನು ಅಷ್ಟು ವ್ಯತ್ಯಾಸ ಇದೆ ಅಂದ್ಯಲ್ಲ, ಅದಕ್ಕೆ..."

"ವ್ಯತ್ಯಾಸ ಎಲ್ಲಿತ್ತು?" ಎಂದ ಅಣ್ಣ.

"ಮತ್ತೆ ತಂಬೂರಿ ಹಿಂದಕ್ಕೆ ಹೋಯ್ತು ಅಂದಿದ್ದು?"

"ಏನೂ ಹೋಗಿರ್ಲಿಲ್ಲ. ಮುಂಚೆ ಹೇಗಿತ್ತೋ ಹಾಗೇ ಇತ್ತು. ಕಣ್ಣು ಬಿಟ್ಟು ನೋಡಿದ್ರೆ ನೀನು ಬೆವರಿಳಿಸ್ಕೊಂಡು, ತಲೆ ತುಂಬಾ ಜೇಡರ ಬಲೆ ಹಚ್ಕೊಂಡು ನಿಂತಿದ್ದೆ. ದಿನವಿಡೀ ಗಿರಣೀಲಿ ನಿಂತವನು. ಅಷ್ಟೆಲ್ಲ ಕಷ್ಟಪಟ್ಟು ಬದಲಾಯಿಸಿದ್ದೀಯ, ಏನೂ ಪ್ರಯೋಜನ ಆಗ್ಲಿಲ್ಲ ಅಂತ ಹೇಗೆ ಹೇಳ್ಲಿ ಮಾರಾಯ?"

ನನಗೆ ಕೂರಬೇಕೆನಿಸಿತು. ಕೂತೆ.

"ಇದನ್ನ ಮದುವೆಮನೇಲಿ ಹೇಳ್ಬಹುದಿತ್ತಲ್ಲ ಅಣ್ಣ!"

"ಅಷ್ಟು ಜನರ ಎದುರು ನಿನ್ನ ಮುಖ ಯಾಕೆ ಬೀಳಿಸ್ಲಿ? ನಗ್ತಿದ್ದದ್ದು ನನ್ನ ನೋಡಿ ತಾನೆ, ನಗ್ಲಿ ಬಿಡು." ಆಮೇಲೆ ಹೇಳಿದ: "ಆದ್ರೆ ಅವರೆಲ್ಲ ಹಾಗೆ ನಕ್ಕ ಮೇಲೆ, ಈಗ ಹಾಡು ಹಾಕಿದ್ರೆ ಹಾಡು ಕೇಳಲ್ಲ ಕಣೋ. ನಂಗೆ ನಿಜವಾಗ್ಲೂ ಕೇಳ್ತಿದ್ಯಾ, ಇಲ್ಲ ನಾನೇ ಅಂದ್ಕೋತಿದ್ದೀನಾ ಅಂತ ನನ್ನ ಕಿವೀನೇ ಕಾಯ್ತಾ ಕೂರೋ ಹಾಗಾಗಿದೆ. ಅದೇ ಬೇಜಾರು."

ನಾನು ಎದ್ದು ಹಾಡಿನ ಕೋಣೆಗೆ ಹೋದೆ, ಟವೆಲ್ಲು ತೆಗೆದೆ. "ಅಣ್ಣ, ತಂಬೂರಿ ತಂಬೂರಿ ಅಂತ ಊರೆಲ್ಲ ಹೇಳ್ಕೊಂಡು ಬಂದೆ. ಅದರ ಶಬ್ದ ಯಾವುದು ಅಂತಲೇ ನಂಗೆ ಗೊತ್ತಿಲ್ಲ. ಒಂಚೂರು ತೋರಿಸ್ಕೊಡು."

ಅವನು ಬಾಗಿಲಲ್ಲಿ ನಿಂತು ನನ್ನನ್ನು ನೋಡಿದ. ಗೇಲಿಯೋ ಏನೋ ಎಂಬ ಅನುಮಾನ ಆ ಕಣ್ಣಲ್ಲಿತ್ತು. ಅದನ್ನು ಅಲ್ಲಿಟ್ಟವನು ನಾನೇ. ಕೊನೆಗೆ ಒಳಗೆ ಬಂದು ಮೊಬೈಲು ತೆಗೆದ. ಒಂದು ಹಳೆಯ ಕಛೇರಿ ಶುರುವಾಯಿತು. ಒಬ್ಬರು ಹಾಡುತ್ತಿದ್ದರು. ಉಳಿದದ್ದೆಲ್ಲ ನನಗೆ ಒಂದೇ ಮುದ್ದೆ.

"ತಂಬೂರಿ ಕೇಳ್ತಾ?"

ಕೇಳಿತು ಎಂದುಬಿಡುವುದು ಎಷ್ಟು ಸುಲಭವಿತ್ತು!

"ಇಲ್ಲ ಅಣ್ಣ. ಕೇಳ್ಲಿಲ್ಲ."

ಅವನಿಗೆ ಬೇಸರವಾಗಲಿಲ್ಲ. ತನ್ನ ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು, ಹಾಡನ್ನು ಮತ್ತೆ ಮೊದಲಿಗೆ ತಂದ.

"ಅವಸರ ಇಲ್ಲ" ಎಂದ. "ಹಾಡೋರು ಉಸಿರು ತಗೊಳ್ತಾರಲ್ಲ, ಆವಾಗ ಕೇಳು. ಆವಾಗ ಅದೊಂದೇ ಇರತ್ತೆ."