ಗಡಿಯಾರಕ್ಕೆ ಹಳೆಯ ಸೆಲ್ಲೇ ಆಗಬೇಕು

ನಮ್ಮ ಮನೆಯಲ್ಲಿ ಯಾವ ವಸ್ತುವಿಗೂ ನೇರವಾಗಿ ಕಸದ ಬುಟ್ಟಿಗೆ ಹೋಗುವ ಭಾಗ್ಯವಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಮೈ ಒರೆಸುವ ಬೈರಾಸು ತೆಳ್ಳಗಾದರೆ ಅಡುಗೆಮನೆಗೆ ಬಂದು ಬಿಸಿ ಪಾತ್ರೆ ಇಳಿಸುತ್ತದೆ, ಅಲ್ಲಿಂದ ನೆಲ ಒರೆಸಲು ಹೋಗುತ್ತದೆ, ಕೊನೆಗೆ ಸ್ಕೂಟರಿನ ಸೀಟಿನಡಿ ಸೇರಿ ವಿಶ್ರಾಂತಿ ಪಡೆಯುತ್ತದೆ. ಸೆಲ್ಲುಗಳದ್ದೂ ಇದೇ ಕ್ರಮ. ಹೊಸ ಜೋಡಿ ಮೊದಲು ಟಾರ್ಚಿಗೆ. ಬೆಳಕು ಅರಸಿನ ಬಣ್ಣಕ್ಕೆ ತಿರುಗಿದ ಮೇಲೆ ಟಿ.ವಿ. ರಿಮೋಟಿಗೆ. ರಿಮೋಟನ್ನು ಅಂಗೈಗೆ ಎಷ್ಟು ಬಡಿದರೂ ಚಾನೆಲ್ ಬದಲಾಗದಿದ್ದರೆ ಒಂದು ದಿನ ಹಪ್ಪಳದ ಜೊತೆ ತಾರಸಿಯ ಬಿಸಿಲು. ಆಮೇಲೆ ಅಡುಗೆಮನೆಯ ಗೋಡೆ ಗಡಿಯಾರಕ್ಕೆ. ಗಡಿಯಾರವೆಂದರೆ ನಮ್ಮ ಸೆಲ್ಲುಗಳ ಪಿಂಚಣಿ. ಯಾವ ಸೆಲ್ ಯಾವಾಗ ಎಲ್ಲಿಗೆ ವರ್ಗವಾಯಿತು ಎಂಬುದು ಕ್ಯಾಲೆಂಡರಿನ ಚೌಕದಲ್ಲಿ, ಗ್ಯಾಸ್ ಸಿಲಿಂಡರ್ ಬದಲಿಸಿದ ದಿನದ ಪಕ್ಕದಲ್ಲೇ ಬರೆದಿರುತ್ತದೆ. ಬರೆಯುವವಳು ನಾನೇ.

ಇಷ್ಟು ಸುಸೂತ್ರವಾಗಿ ನಡೆಯುತ್ತಿದ್ದ ಸಂಸಾರಕ್ಕೆ ನಮ್ಮ ಯಜಮಾನರು ಒಂದು ದಿನ ಮಣಿಪಾಲದಿಂದ ಎರಡು ಲಿಥಿಯಂ ಸೆಲ್ ತಂದರು. "ಇನ್ನು ಸೆಲ್ ಬಿಸಾಡುವ ಕೆಲಸವೇ ಇಲ್ಲ ಮಾರಾಯ್ತಿ, ಮೊಬೈಲಿನ ಹಾಗೆ ಚಾರ್ಜ್ ಮಾಡಿದ್ರಾಯ್ತು" ಎಂದರು. ಹೌದು, ಒಂದೊಂದು ಸೆಲ್ಲಿನ ಪಕ್ಕೆಯಲ್ಲೂ ಮೊಬೈಲಿನ ವಯರ್ ಸಿಕ್ಕಿಸುವ ಪುಟ್ಟ ತೂತು! ಟಾರ್ಚಿನ ಬೆಳಕನ್ನಂತೂ ಕೇಳುವುದೇ ಬೇಡ. ಬಾವಿಗೆ ಬಿಟ್ಟು ನೋಡಿದರೆ ಮೂರು ವರ್ಷದ ಹಿಂದೆ ಬಿದ್ದ ಚೊಂಬು ತಳದಲ್ಲಿ ಫಳಫಳ ಎಂದಿತು. ಒಂದೇ ದೂರು. ಹಳೆಯ ಸೆಲ್ ಹೋಗುವಾಗ ಹೇಳಿ ಹೋಗುತ್ತಿತ್ತು. ನಮ್ಮ ಕಡೆಯ ನೆಂಟರ ಹಾಗೆ "ಬರ್ತೇವೆ" ಎಂದ ಮೇಲೂ ಗೇಟಿನ ಬಳಿ ಅರ್ಧ ಗಂಟೆ ನಿಲ್ಲುತ್ತಿತ್ತು. ಇದು ಹಾಗಲ್ಲ, ಪಾಯಸ ಬಡಿಸುವ ಮೊದಲೇ ಎಲೆಯಿಂದ ಎದ್ದು ಹೋದ ಹಾಗೆ ಥಟ್ಟನೆ ಆರುತ್ತದೆ. ಆ ಹೆದರಿಕೆಗೆ ನಾನು ಮೂರು ದಿನಕ್ಕೊಮ್ಮೆ ಅದನ್ನು ಚಾರ್ಜಿಗೆ ಇಡತೊಡಗಿದೆ.

ಆರು ತಿಂಗಳು ಹೀಗೆ ಕಳೆಯಿತು. ಕಾರ್ಕಳದಲ್ಲಿ ನನ್ನ ಅಕ್ಕನ ಮಗಳ ನಿಶ್ಚಿತಾರ್ಥ ಬಂತು. "ಮಲ್ಲಿಗೆ ನೀನೇ ತರ್ಬೇಕು. ಹತ್ತೂವರೆಗೆ ಉಂಗುರ, ಅದರ ಮೊದಲು ಹುಡುಗಿಗೆ ಮುಡಿಸ್ಬೇಕು. ನಿನ್ನಷ್ಟು ಟೈಮಿನ ಜನ ನಮ್ಮಲ್ಲಿ ಬೇರೆ ಯಾರುಂಟು?" ಎಂದಳು ಅಕ್ಕ. ಆ ಮಾತಿಗೆ ನಾನು ಎರಡು ದಿನ ಉಬ್ಬಿಕೊಂಡೇ ಓಡಾಡಿದೆ. ಯಜಮಾನರು ಬೆಳಿಗ್ಗೆಯೇ ಸ್ಕೂಟರಿನಲ್ಲಿ ಮುಂದೆ ಹೋದರು. ನಾನು ಪರ್ಕಳದಿಂದ ಎಂಟೂವರೆಯ ಬಸ್ಸು ಹಿಡಿಯುವುದೆಂದು ನಿಶ್ಚಯ.

ಗಡಿಯಾರ ನೋಡಿದೆ, ಏಳು ನಲವತ್ತು. ಬೇಕಾದಷ್ಟು ಸಮಯ. ಜಡೆ ಹಾಕಿಕೊಂಡೆ. ಹತ್ತು ಚೆಂಡು ಮಲ್ಲಿಗೆಗೆ ನೀರು ಚಿಮುಕಿಸಿ ಬಾಳೆಲೆಯಲ್ಲಿ ಕಟ್ಟಿದೆ. ಅಕ್ಕನಿಗೆ ತೋರಿಸೋಣವೆಂದು ಟಾರ್ಚನ್ನೂ ಚೀಲಕ್ಕೆ ಹಾಕಿದೆ. ಇನ್ನೊಂದು ಚಹಾ ಮಾಡಿ ಕುಡಿಯುತ್ತಿದ್ದಾಗ ರಸ್ತೆಯಲ್ಲಿ ಎಂಟೂವರೆಯ ಬಸ್ಸಿನ ಹಾರ್ನ್! ತಲೆ ಎತ್ತಿದರೆ ಗಡಿಯಾರದಲ್ಲಿ ಏಳು ನಲವತ್ತು. ಜಡೆ ಹಾಕುವಾಗಲೂ ಏಳು ನಲವತ್ತೇ ಇತ್ತಲ್ಲ ಎಂಬುದು ಆಗ ಹೊಳೆಯಿತು. ಮೊಬೈಲ್ ತೆಗೆದರೆ ಅದೂ ಕಪ್ಪು. ಅದರ ವಯರ್ ರಾತ್ರಿಯಿಡೀ ಸೆಲ್ಲಿನ ಪಕ್ಕೆಯಲ್ಲಿತ್ತು. ಇಡೀ ಮನೆಯಲ್ಲಿ ತುಂಬು ಜೀವದಿಂದ ಇದ್ದದ್ದು ಟಾರ್ಚ್ ಒಂದೇ, ಅದೂ ಹಾಡುಹಗಲಲ್ಲಿ. ಟಾರ್ಚಿನಿಂದ ಯಾವ ಸೆಲ್ಲೂ ನಿವೃತ್ತಿಯಾಗದೆ ಗಡಿಯಾರಕ್ಕೆ ಬರುವುದು ಎಲ್ಲಿಂದ? ಇದ್ದ ಕೊನೆಯ ಪಿಂಚಣಿದಾರನೂ ಅಂದೇ ತೀರಿಹೋಗಿದ್ದ.

ಮುಂದಿನ ಬಸ್ಸಿನಲ್ಲಿ ಮಲ್ಲಿಗೆಯ ಚೀಲವನ್ನು ಮಗುವಿನಂತೆ ಎತ್ತಿಕೊಂಡು ನಿಂತೇ ಹೋದೆ. ಐದನೆಯ ಸಲ ಗಂಟೆ ಕೇಳಿದಾಗ ಕಂಡಕ್ಟರ್, "ಅಮ್ಮ, ನೀವು ಕೇಳಿದ್ರೆ ಬಸ್ ಓಡುದಿಲ್ಲ, ಡ್ರೈವರ್ ಓಡಿಸಿದ್ರೆ ಮಾತ್ರ" ಎಂದ.

ಸಭಾಂಗಣದ ಬಾಗಿಲಲ್ಲೇ ಅಕ್ಕ ನಿಂತಿದ್ದಳು. "ಎಂತ ಮಾರಾಯ್ತಿ ನಿನ್ನ ಕಥೆ! ಹುಡುಗಿ ಬೋಳು ಜಡೆಯಲ್ಲಿ ಕೂತಿದ್ದಾಳೆ, ಹೂವು ತೆಗಿ ಬೇಗ!" ಅವಸರದಲ್ಲಿ ಚೀಲಕ್ಕೆ ಕೈ ಹಾಕಿ ಸಿಕ್ಕಿದ್ದನ್ನು ಎಳೆದು ಕೊಟ್ಟೆ. ಅಕ್ಕ ಅದನ್ನು ತಿರುಗಿಸಿ ನೋಡಿದಳು. "ಇದನ್ನು ಮುಡಿಸುದಾ?"

ಟಾರ್ಚ್!

ಹುಡುಗಿ ಮೊದಲು ನಕ್ಕಳು, ಆಮೇಲೆ ಹುಡುಗನ ಕಡೆಯವರು, ಕೊನೆಗೆ ಅಕ್ಕನೂ. ಆ ನಗುವಿನ ನಡುವೆಯೇ ಮಲ್ಲಿಗೆ ಜಡೆಗೇರಿತು. "ಮುಹೂರ್ತ ಇನ್ನೂ ಎರಡು ನಿಮಿಷ ಉಂಟು, ಗಡಿಬಿಡಿ ಬೇಡ" ಎಂದರು ಪುರೋಹಿತರು. ಅವರ ಕೈಗಡಿಯಾರಕ್ಕೆ ಮನಸ್ಸಿನಲ್ಲೇ ಕೈ ಮುಗಿದೆ.

ಮರುದಿನವೇ ಅಂಗಡಿಗೆ ಹೋಗಿ ಗಡಿಯಾರಕ್ಕೆಂದು ಒಂದು ಜೋಡಿ ಮಾಮೂಲಿ ಸೆಲ್ ತಂದೆ. ಸ್ಟೂಲು ಹತ್ತಿದೆ. ಪ್ಲಾಸ್ಟಿಕ್ ಬಿಡಿಸಿದೆ. ಆದರೆ ಇಷ್ಟು ಹೊಳೆಯುವ, ಒಂದು ದಿನವೂ ದುಡಿಯದ ಸೆಲ್ಲಿಗೆ ನೇರ ಪಿಂಚಣಿ ಕೊಡಲು ಮನಸ್ಸು ಬರಲಿಲ್ಲ. ಕೆಳಗಿಳಿದು ಲಿಥಿಯಂ ಸೆಲ್ಲುಗಳನ್ನು ತೆಗೆದು ಡಬ್ಬಿಗೆ ಹಾಕಿ, ಹೊಸ ಜೋಡಿಯನ್ನು ಟಾರ್ಚಿಗೆ ಸೇರಿಸಿ, ಉರಿಸಿ ಕಿಟಕಿಯಲ್ಲಿ ಇಟ್ಟೆ.

"ಎಂತ ಇದು, ಮಟಮಟ ಮಧ್ಯಾಹ್ನ ಟಾರ್ಚ್?" ಎಂದರು ಯಜಮಾನರು.

"ಸ್ವಲ್ಪ ಹಳತಾಗ್ಲಿ. ಹೊಸ ಸೆಲ್ಲನ್ನು ಯಾರಾದ್ರೂ ಗಡಿಯಾರಕ್ಕೆ ಹಾಕ್ತಾರಾ?"

ಬೆಳಕಿನ್ನೂ ಬೆಳ್ಳಗೇ ಇದೆ, ಅರಸಿನಕ್ಕೆ ತಿರುಗಿಲ್ಲ. ಅಲ್ಲಿಯವರೆಗೆ ನಮ್ಮ ಮನೆಗೆ ಬಂದವರು ದಯವಿಟ್ಟು ಗಂಟೆ ಕೇಳಬಾರದು. ಅಡುಗೆಮನೆಯಲ್ಲಿ ಈಗಲೂ ಏಳು ನಲವತ್ತು.